ಕುಂಕುಮವಿಲ್ಲದ ಫೋನು

ಕಂತು ಏಳು

"ಹತ್ತಿತೇನ್ರಿ ಮೇಡಂ?"

ಬಂಡೆಯ ಕೆಳಗೆ ನಿಂತು ಹೆಡ್ ಕಾನ್‌ಸ್ಟೆಬಲ್ ನಾಗಣ್ಣ ಕೂಗಿ ಕೇಳಿದರು. ಗಾಳಿಗೆ ಅವರ ಮಾತು ಅರ್ಧ ಹಾರಿಹೋಯಿತು. ಎಮ್ಮೆಗುಡ್ಡದ ತುದಿಯಲ್ಲಿ, ಫೋನಿನ ದಪ್ಪ ಆಂಟೆನಾವನ್ನು ಆಕಾಶಕ್ಕೆ ತೋರಿಸುತ್ತ ನಿಂತಿದ್ದ ಸಬ್ ಇನ್‌ಸ್ಪೆಕ್ಟರ್ ಸನೋಬರ್ ತಾಳಿ ಎಂದು ಕೈ ತೋರಿಸಿದಳು. ಅತ್ತ ಕಡೆ ಹೊಸದುರ್ಗ ಠಾಣೆಯ ರೈಟರ್, "ಹಲೋ, ಯಾರ್ರೀ ಅದು?" ಎಂದು ಪಕ್ಕದಲ್ಲೇ ಕೂತವನಂತೆ ಕೇಳುತ್ತಿದ್ದ.

ಹತ್ತಿತ್ತು. ಎರಡು ನಿಮಿಷವೂ ಹಿಡಿಯಲಿಲ್ಲ.

ನಾಲ್ಕು ದಿನದ ಹಿಂದೆ ಇದೇ ಗುಡ್ಡದ ಗಾಳಿಯಂತ್ರದ ಏಣಿಯಿಂದ ಬಿದ್ದ ಕಾವಲುಗಾರ ಕೆಂಚಪ್ಪ ಮೂರು ಗಂಟೆ ನರಳಿ ಸತ್ತಿದ್ದ. ಜೊತೆಗಿದ್ದ ಬಾಲರಾಜು ಅವನನ್ನು ತಳ್ಳಿ ಓಡಿಹೋದ ಎಂಬುದು ಗಾಳಿಯಂತ್ರದ ಕಂಪನಿಯ ದೂರು.

ಬಾಲರಾಜು ಹೇಳುವುದು ಬೇರೆ. ಫೋನು ಎಷ್ಟು ಒತ್ತಿದರೂ ಹತ್ತಲಿಲ್ಲ, ಅದಕ್ಕೇ ಒಂಬತ್ತು ಕಿಲೋಮೀಟರ್ ಓಡಿ ಮತ್ತೋಡಿಗೆ ಹೋಗಿ ಜನ ಕರೆತಂದೆ ಅಂತ. ಆದರೆ ಪೆಟ್ಟಿಗೆಯಲ್ಲಿ ಸಿಕ್ಕ ಫೋನು ಇಗೋ, ಗಿಣಿಯ ಹಾಗೆ ಮಾತಾಡುತ್ತಿದೆ. ಫೋನು ಸರಿಯಿದ್ದರೆ ಬಾಲರಾಜು ಸುಳ್ಳುಗಾರ. ಸುಳ್ಳುಗಾರನಾದರೆ ಕೊಲೆಗಾರ. ಇವತ್ತು ಸಂಜೆ ನಾಲ್ಕರೊಳಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಆಮೇಲೆ ಜೈಲು, ಆಮೇಲೆ ಯಾರೂ ಅವನ ಮಾತು ಕೇಳುವುದಿಲ್ಲ.

ಈ ಗುಡ್ಡದ ಮೇಲೆ ಮೊಬೈಲಿಗೆ ಒಂದು ಕಡ್ಡಿಯೂ ಬರುವುದಿಲ್ಲ. ಅದಕ್ಕೇ ಕಂಪನಿ ಸ್ಯಾಟಲೈಟ್ ಫೋನು ಇಟ್ಟಿದ್ದು. ಅದೂ ಸೂರಿನಡಿ ಕೆಲಸ ಮಾಡದು. ಬಯಲಿಗೆ ತಂದು ಆಂಟೆನಾ ಎತ್ತಿ ಆಕಾಶ ತೋರಿಸಿದರೆ ಮಾತ್ರ ಮಾತು. ಕಾವಲುಗಾರರು ಇದಕ್ಕೆಂದೇ ಬಂಡೆಯ ಮೇಲೆ ಸುಣ್ಣದಲ್ಲಿ ಎರಡು ಪಾದ ಬರೆದಿದ್ದರು. ಆ ಪಾದಗಳ ಮೇಲೆ ಕಾಲಿಟ್ಟು ನಿಂತರೆ ದಿಕ್ಕು ತಪ್ಪುವುದಿಲ್ಲ. ಪಾದ ಬರೆದವನು ಕೆಂಚಪ್ಪ.

ಸನೋಬರ್ ಬಂಡೆ ಇಳಿದು ಕಾವಲು ಕೋಣೆಗೆ ಬಂದಳು. ಬಾಗಿಲ ಪಕ್ಕದ ಹಳದಿ ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದ ಸ್ಟಿಕ್ಕರ್: 'ನಿಮ್ಮ ಜೀವ ನಮ್ಮ ಜವಾಬ್ದಾರಿ'. ಅದರ ಕೆಳಗೆ ಸುರಕ್ಷತಾ ತಪಾಸಣೆಯವರ ಸಹಿಯ ಚೀಟಿ, ಕೆಂಚಪ್ಪ ಸತ್ತ ಮರುದಿನದ ತಾರೀಖು. ಹತ್ತು ಹೆಜ್ಜೆ ಆಚೆ, ಕೆಂಚಪ್ಪ ಬಿದ್ದ ಜಾಗದಲ್ಲಿ ಒಂದು ಲೋಡು ಹೊಸ ಜಲ್ಲಿ. ಹೆಣ ಎತ್ತಿದ ಮರುದಿನ ಬೆಳಿಗ್ಗೆಯೇ ಸುರಿಸಿದ್ದರಂತೆ. ಮೇಲೆ ಫಿನಾಯಿಲ್ ಬೇರೆ. ರಕ್ತ ಮುಚ್ಚಲು ಇಷ್ಟು ಚುರುಕಾದ ಜನ ಅದನ್ನು ನಿಲ್ಲಿಸಲು ಎಲ್ಲಿ ಹೋಗಿದ್ದರು?

ಅವಳು ಪೆಟ್ಟಿಗೆ ತೆರೆದಳು. ಒಳಗೆ ಒಣಗಿದ ಚೆಂಡುಹೂವಿನ ಎಸಳು. ಆಯುಧಪೂಜೆ ಮುಗಿದು ಹದಿನೈದು ದಿನವಾಗಿತ್ತು. ಪೆಟ್ಟಿಗೆಯ ಚಿಲಕಕ್ಕೆ ಕುಂಕುಮ, ಚಾರ್ಜರಿಗೆ ಕುಂಕುಮ, ಟಾರ್ಚಿಗೆ ಕುಂಕುಮ, ಮೂಲೆಯಲ್ಲಿದ್ದ ಪೊರಕೆಗೂ ಕುಂಕುಮ.

ಫೋನಿಗೆ ಮಾತ್ರ ಇಲ್ಲ.

ಸನೋಬರಳ ಅಪ್ಪ ರಹಮತ್ ಉಲ್ಲಾ ಚಿತ್ರದುರ್ಗದಲ್ಲಿ ಮೂವತ್ತು ವರ್ಷ ಟೆಲಿಫೋನ್ ಲೈನ್‌ಮನ್ ಆಗಿದ್ದವರು. ಪ್ರತಿ ಹಬ್ಬಕ್ಕೂ ಜೊತೆಯವರು ಅವರ ಕಟಿಂಗ್ ಪ್ಲೇಯರಿಗೂ ಸೇರಿಸಿಯೇ ಕುಂಕುಮ ಇಡುತ್ತಿದ್ದರು. ಅಪ್ಪ ನಿವೃತ್ತರಾಗಿ ಹತ್ತು ವರ್ಷವಾದರೂ ಪ್ಲೇಯರಿನ ಸಂದಿಯಲ್ಲಿ ಆ ಕೆಂಪು ಹಾಗೇ ಇದೆ. ಅವಳು ಟೋಪಿಯ ಪಿನ್ ತೆಗೆದು ಫೋನಿನ ಆಂಟೆನಾ ಮಡಚುವ ಸಂದಿಯನ್ನು ಕೆರೆದು, ಬಿಳಿ ಕಾಗದದ ಮೇಲೆ ಕೊಡವಿದಳು. ಒಂದು ಚೂರು ಧೂಳು ಬಿತ್ತು, ಅಷ್ಟೇ.

"ನಾಗಣ್ಣೋರೆ, ಮಹಜರಿನಲ್ಲಿ ಈ ಫೋನಿನ ನಂಬರ್ ಬರ್ದಿಲ್ಲ?"

"ಯಾವ್ ನಂಬರ್ರಿ?"

"ಬ್ಯಾಟರಿ ಕೆಳಗೆ ಇರುತ್ತಲ್ಲ, ಹದಿನೈದು ಅಂಕಿ."

"ಅಯ್ಯೋ, ಅದೆಲ್ಲ ನಮಗೆಲ್ಲಿ ಗೊತ್ತಾಗ್ತೈತೆ ಮೇಡಂ. ಫೋನು ಅಂದ್ರೆ ಫೋನು." ಅವರು ಕೆನ್ನೆಯಲ್ಲಿದ್ದ ಎಲೆ-ಅಡಿಕೆಯನ್ನು ಈ ಕಡೆಯಿಂದ ಆ ಕಡೆಗೆ ತಳ್ಳಿದರು.

ಸನೋಬರ್ ಬ್ಯಾಟರಿ ತೆಗೆದು ಹದಿನೈದು ಅಂಕಿಗಳನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡಳು. ಕೊನೆಯ ನಾಲ್ಕು: ೪೪೭೧.

*

ಮತ್ತೋಡಿನಲ್ಲಿ ಕೆಂಚಪ್ಪನ ಹೆಂಡತಿ ಮುದ್ದಕ್ಕ ಅಂಗಳದಲ್ಲಿ ಶೇಂಗಾ ಬಿಡಿಸುತ್ತ ಕೂತಿದ್ದಳು. ಅಳು ಮುಗಿದಿತ್ತು, ಕೈ ಮಾತ್ರ ಸುಮ್ಮನಿರಲು ಒಲ್ಲದು.

"ಬರ್ರಿ ತಾಯಿ, ಕುಂತ್ಕಳ್ರಿ."

ಸನೋಬರ್ ಅವಳ ಎದುರಿಗೇ ನೆಲದ ಮೇಲೆ ಕೂತಳು. "ಮುದ್ದಕ್ಕ, ಹಬ್ಬದ ದಿನ ನಿಮ್ಮ ಯಜಮಾನರು ಆ ಫೋನಿಗೆ ಪೂಜೆ ಮಾಡಿದ್ರಾ?"

"ಮಾಡದೆ ಬಿಡ್ತಾರೇನ್ರಿ? ಪೊರಕೆಗೂ ಕುಂಕುಮ ಇಡೋ ಮನುಷ್ಯ. ನಾನೇ ಎಣ್ಣೇಲಿ ಕಲಸಿ ಡಬ್ಬೀಲಿ ಹಾಕ್ಕೊಟ್ಟಿದ್ದೆ. ಒಣದು ಇಟ್ರೆ ಆ ಗುಡ್ಡದ ಗಾಳೀಗೆ ಹಾರಿ ಹೋಗ್ತೈತಂತೆ."

ಎಣ್ಣೆಯಲ್ಲಿ ಕಲಸಿದ ಕುಂಕುಮ. ಸಂದಿಗೆ ಇಳಿದರೆ ಮುಗಿಯಿತು, ಯಾರಪ್ಪ ಬಂದರೂ ತೆಗೆಯಲಾಗದು.

"ಅವತ್ತು ಅದ್ರಿಂದ ನನ್ ಜತೆ ಮಾತಾಡ್ತೀನಿ ಅಂದಿದ್ರು," ಮುದ್ದಕ್ಕ ಮುಂದುವರಿಸಿದಳು. "ಆಕಾಶದಿಂದ ಮಾತು ಬರ್ತೈತೆ ನೋಡು ಅಂತ ನಗಾಡಿದ್ರು. ಪಕ್ಕದ್ಮನೆ ಶಾಲಿನಿ ಮೊಬೈಲ್ ಇಸ್ಕಂಡು ಮಧ್ಯಾಹ್ನದ ತನಕ ಕುಂತಿದ್ದೆ. ಬರ್ಲಿಲ್ಲ. ಬಂಡೆ ಮೇಲೆ ನಿಂತು ಎಷ್ಟು ಒತ್ತಿದ್ರೂ ಹತ್ಲಿಲ್ವಂತೆ."

"ಯಾರಿಗಾದ್ರೂ ಹೇಳಿದ್ರಾ?"

"ಮ್ಯಾನೇಜರ್ ರಾಜಕುಮಾರ್ ಸಾಹೇಬ್ರಿಗೆ ಹೇಳಿದ್ರು. ಅದ್ಕೆ ಅವ್ರು ಕಾಗದ ಕೊಟ್ರು."

ಮುದ್ದಕ್ಕ ಒಳಗೆ ಹೋಗಿ ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನಿಂದ ನಾಲ್ಕು ಮಡಿಕೆಯ ಹಾಳೆ ತಂದಳು. ಕಂಪನಿಯ ಮೊಹರು, ಮ್ಯಾನೇಜರ್ ಸಹಿ. ಸನೋಬರ್ ಓದಿದಳು.

'ಕಂಪನಿಯ ಸ್ಯಾಟಲೈಟ್ ಫೋನಿಗೆ ನೀವು ಎಣ್ಣೆ ಕುಂಕುಮ ಹಚ್ಚಿದ್ದು, ಅದು ಆಂಟೆನಾದ ಸಂದಿಗೆ ಇಳಿದು ತೆಗೆಯಲು ಬಾರದಂತಾಗಿರುತ್ತದೆ. ಸದರಿ ಫೋನು ಕೆಡಲು ನೀವೇ ಹೊಣೆ. ಇನ್ನೊಮ್ಮೆ ಫೋನಿನ ಬಗ್ಗೆ ದೂರು ತಂದಲ್ಲಿ ಕೆಲಸದಿಂದ ತೆಗೆಯಲಾಗುವುದು.'

ಕೆಳಗೆ, ಯಾವ ಫೋನು ಎಂದು ಒಂದಿಷ್ಟೂ ಅನುಮಾನ ಉಳಿಯಬಾರದೆಂಬಂತೆ, ಹದಿನೈದು ಅಂಕಿ. ಕೊನೆಯ ನಾಲ್ಕು: ೨೦೮೬.

ಅವಳು ತನ್ನ ಪುಸ್ತಕ ತೆರೆದು ಎರಡನ್ನೂ ಪಕ್ಕಪಕ್ಕ ಹಿಡಿದಳು. ಸತ್ತ ಫೋನಿನ ಬಗ್ಗೆ ದೂರು ಕೊಟ್ಟವನ ಬಾಯಿ ಮುಚ್ಚಿಸಲು ರಾಜಕುಮಾರ್ ಬರೆದ ಪತ್ರ ಅದು. ದೇವರ ಹೆಸರಲ್ಲಿ ಹಚ್ಚಿದ ಕುಂಕುಮದ ಮೇಲೆ ತನ್ನ ಪಾಪ ಹೊರಿಸಿ ಕೈ ತೊಳೆದುಕೊಂಡಿದ್ದ. ಸಣ್ಣಬುದ್ಧಿಯವರು ಸಣ್ಣದನ್ನು ಎಷ್ಟು ಶ್ರದ್ಧೆಯಿಂದ ಮಾಡುತ್ತಾರೆ ಅನಿಸಿತು ಅವಳಿಗೆ. ಆ ಶ್ರದ್ಧೆಯೇ ಈಗ ಅವನ ಕುತ್ತಿಗೆಗೆ ಬಂದಿತ್ತು.

"ಬಾಲರಾಜು ತಳ್ಳೋನಲ್ಲ ತಾಯಿ," ಮುದ್ದಕ್ಕ ಅಂದಳು. "ಅವತ್ತು ಓಡಿ ಬಂದು ಇದೇ ಅಂಗಳದಾಗೆ ಬಿದ್ದ. ಕಾಲೆಲ್ಲ ರಕ್ತ. 'ಅಕ್ಕಾ, ಫೋನು ಹತ್ಲಿಲ್ಲ, ಅಕ್ಕಾ, ಫೋನು ಹತ್ಲಿಲ್ಲ', ಅದೊಂದೇ ಮಾತು. ನನ್ ಗಂಡಂತೂ ಹೋದ್ರು. ಇವನನ್ನೂ ಆ ಜನದ ಬಾಯಿಗೆ ಹಾಕ್ಬೇಡ್ರಿ."

"ಹಾಕಲ್ಲ," ಎಂದಳು ಸನೋಬರ್. ಪೊಲೀಸರು ಇಂಥ ಮಾತು ಕೊಡಬಾರದು. ಕೊಟ್ಟಳು.

ಹೊರಗೆ ನಾಗಣ್ಣ ಜೀಪಿಗೆ ಒರಗಿ ನಿಂತಿದ್ದರು. "ಏನ್ರಿ ಮೇಡಂ ಅದು ಕಾಗದ?"

"ದಾರೀಲಿ ಹೇಳ್ತೀನಿ. ಹೋಗಾಣ ನಡೀರಿ."

*

ಹೊಳಲ್ಕೆರೆ ರಸ್ತೆಯ ಕಂಪನಿ ಆಫೀಸಿನಲ್ಲಿ ಏಸಿಯ ತಂಪು, ಊದುಬತ್ತಿಯ ವಾಸನೆ. ಮ್ಯಾನೇಜರ್ ರಾಜಕುಮಾರ್ ಎದ್ದು ನಿಂತು ಕೈ ಮುಗಿದ. ಮುಗಿದ ಕೈಗೇ ಸ್ಯಾನಿಟೈಸರ್ ಹಾಕಿ ಉಜ್ಜಿಕೊಂಡ. ಮೇಜಿನ ಮೇಲೆ ಎರಡು ಎಳನೀರು ಬಂದವು.

"ನಮ್ಮ ಹಿರಿಯೂರಿನ ತೋಟದ್ದು ಮೇಡಂ, ಸಕ್ಕರೆ ಇದ್ದಂಗೆ ಇರುತ್ತೆ. ತಗೊಳ್ಳಿ."

ನಾಗಣ್ಣ ತೆಗೆದುಕೊಂಡರು. ಸನೋಬರ್ ಮುಟ್ಟಲಿಲ್ಲ.

"ಪಾಪ, ಕೆಂಚಪ್ಪ," ರಾಜಕುಮಾರ್ ತಲೆ ಆಡಿಸಿದ. "ಒಳ್ಳೆ ರಿಸೋರ್ಸ್ ಆಗಿದ್ದ."

ಅವಳಿಗೆ ಮೈಯೆಲ್ಲ ಉರಿಯಿತು. ಹೆಂಡತಿಯೊಡನೆ ಆಕಾಶದಿಂದ ಮಾತಾಡುತ್ತೇನೆ ಎಂದು ನಗಾಡಿದ ಮನುಷ್ಯ ಇವನ ಬಾಯಲ್ಲಿ ರಿಸೋರ್ಸು.

"ನಿಮ್ಮ ಹತ್ರ ಎಷ್ಟು ಸ್ಯಾಟಲೈಟ್ ಫೋನು ಅವೆ?"

"ಮೂರು ಗುಡ್ಡ, ಮೂರು ಫೋನು ಮೇಡಂ. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು, ತಾಲ್ಲೂಕಿಗೊಂದು. ಎಲ್ಲದಕ್ಕೂ ಸರ್ಕಾರದ ಪರ್ಮಿಷನ್ ಇದೆ."

"ಮಾತಾಡೋವು ಎಷ್ಟು?"

ಅವನ ನಗು ಅರ್ಧಕ್ಕೆ ನಿಂತಿತು. "ಅರ್ಥ ಆಗ್ಲಿಲ್ಲ."

ಸನೋಬರ್ ಪಕ್ಕದ ಪ್ರಿಂಟರನ್ನು ಬೆರಳಿನಿಂದ ತೋರಿಸಿದಳು. ಅದರ ನೆತ್ತಿಯ ಮೇಲೆ ಮೂರು ಬೊಟ್ಟು ಕುಂಕುಮ. ಬೀರುವಿಗೂ ಇತ್ತು, ಸ್ಟೇಪ್ಲರಿಗೂ ಇತ್ತು.

"ಇದನ್ನ ಯಾಕೆ ಒರೆಸಿಲ್ಲ?"

"ಪೂಜೆದು ಮೇಡಂ. ತಾನಾಗೇ ಹೋಗೋ ತನಕ ಯಾರು ಒರೆಸ್ತಾರೆ?"

"ಮತ್ತೆ ಎಮ್ಮೆಗುಡ್ಡದ ಫೋನಿಂದು ಯಾರು ಒರೆಸಿದ್ರು?"

"ಅದು... ಸೆನ್ಸಿಟಿವ್ ಐಟಂ ಅಲ್ವಾ. ನಾನೇ ಸ್ಪಿರಿಟ್ ಹಾಕಿ ಕ್ಲೀನ್ ಮಾಡಿಸ್ದೆ."

ಅವಳು ಪತ್ರವನ್ನು ಮೇಜಿನ ಮೇಲೆ ಬಿಚ್ಚಿ ಹರಡಿದಳು. "'ತೆಗೆಯಲು ಬಾರದಂತಾಗಿರುತ್ತದೆ.' ನಿಮ್ಮ ಮಾತು, ನಿಮ್ಮ ಸಹಿ. ಇಲ್ಲಿರೋ ನಂಬರ್ ಇಪ್ಪತ್ತು ಎಂಬತ್ತಾರು. ಪೆಟ್ಟಿಗೆಯಲ್ಲಿ ನಮಗೆ ಸಿಕ್ಕ ಫೋನಿನ ನಂಬರ್ ನಲವತ್ತನಾಲ್ಕು ಎಪ್ಪತ್ತೊಂದು."

"ಟೈಪಿಂಗ್ ಮಿಸ್ಟೇಕ್ ಇರ್ಬೇಕು."

"ಹದಿನೈದು ಅಂಕಿಯಲ್ಲಿ ಹನ್ನೊಂದು ಅಂಕಿ ಮಿಸ್ಟೇಕಾ?"

ನಾಗಣ್ಣನ ಸ್ಟ್ರಾ ಎಳನೀರಿನ ತಳದಲ್ಲಿ ಗೊರಗೊರ ಎಂದಿತು.

"ನಾನು ಹೇಳ್ತೀನಿ ಕೇಳಿ," ಎಂದಳು ಸನೋಬರ್. "ಮೂರು ಪೆಟ್ಟಿಗೆ, ಜೀವ ಇರೋ ಫೋನು ಒಂದೇ. ತಪಾಸಣೆಯೋರು ಯಾವ ಗುಡ್ಡಕ್ಕೆ ಬರ್ತಾರೋ ಆ ಗುಡ್ಡಕ್ಕೆ ಅದನ್ನ ನೀವು ಜೀಪಲ್ಲಿ ಒಯ್ದು ಇಡ್ತೀರಿ. ಉಳಿದ ದಿನ ಕಾವಲುಗಾರರಿಗೆ ಕನೆಕ್ಷನ್ ಇಲ್ಲದ ಡಬ್ಬಿ. ಕೆಂಚಪ್ಪ ಸತ್ತ ಮರುದಿನ ಎಮ್ಮೆಗುಡ್ಡದಲ್ಲಿ ತಪಾಸಣೆ ಇತ್ತು. ಹೌದಾ, ಅಲ್ವಾ?"

ರಾಜಕುಮಾರ್ ಬಾಗಿಲ ಕಡೆ ನೋಡಿ ಧ್ವನಿ ತಗ್ಗಿಸಿದ.

"ಪ್ರಾಕ್ಟಿಕಲ್ ಆಗಿ ಮಾತಾಡೋಣ ಮೇಡಂ. ಆ ಫೋನು ಇರೋದೇ ತಪಾಸಣೆಗೆ. ವಾಚ್‌ಮನ್ ಕೈಗೆ ಕೊಟ್ರೆ ಹೆಂಡ್ತಿ ಹತ್ರ ಹರಟೆ ಹೊಡೀತಾ ಕೂತ್ಕೋತಾರೆ. ಯಾರೋ ಒಬ್ಬ ಬಿದ್ದ, ನನಗೂ ಬೇಜಾರಿದೆ. ಅವರ ಮನೆಗೆ ಹಣ್ಣು ಕಳಿಸಿದ್ದೀನಿ."

ಹಣ್ಣು! ಸನೋಬರ್ ಪತ್ರ ಮಡಚಿಟ್ಟುಕೊಂಡಳು. ಕಳ್ಳರನ್ನು ನೋಡಿದ್ದಳು, ಕುಡಿದು ಕೊಚ್ಚಿದವರನ್ನು ನೋಡಿದ್ದಳು. ಅವರ ಮುಖದಲ್ಲಿ ಭಯವಾದರೂ ಇರುತ್ತಿತ್ತು. ಇವನ ಮುಖದಲ್ಲಿ ಬರೀ ಕ್ರೀಮಿನ ಹೊಳಪು.

"ಇಪ್ಪತ್ತು ಎಂಬತ್ತಾರರ ಫೋನು ಎಲ್ಲಿ?"

"ನನಗೆ ಗೊತ್ತಿಲ್ಲ."

"ಹೊರಗೆ ನಿಂತಿರೋ ನಿಮ್ಮ ಬಿಳೀ ಜೀಪು ನೋಡ್ಬೇಕು."

ಸನೋಬರ್ ಏಳುವ ಮೊದಲೇ ನಾಗಣ್ಣ ಎದ್ದರು. "ನಾನ್ ನೋಡ್ತೀನಿ ಬಿಡ್ರಿ ಮೇಡಂ. ಇವ್ರನ್ನ ಒಬ್ರನ್ನೇ ಬಿಡ್ಬೇಡ್ರಿ, ಎಲ್ಲಿಗಾದ್ರೂ ಫೋನ್ ಹಚ್ಯಾರು."

ಆ ಮಾತು ಸರಿಯಿತ್ತು. ಅವಳು ಕೂತಳು. ಹತ್ತು ನಿಮಿಷದ ಮೇಲೆ ನಾಗಣ್ಣ ಬೆವರು ಒರೆಸಿಕೊಳ್ಳುತ್ತ ಬಂದರು.

"ಏನೂ ಇಲ್ರಿ. ಸ್ಟೆಪ್ನಿ, ಜಾಕು, ಒಂದ್ ಜತೆ ಹಳೇ ಚಪ್ಲಿ."

"ಸೀಟಿನ ಕೆಳಗೆ?"

"ಎಲ್ಲ ನೋಡ್ದೆ."

ಅವರ ಹೆಬ್ಬೆರಳಿನ ತುದಿ ಕೆಂಪಗಿತ್ತು. ಎಲೆ-ಅಡಿಕೆಯವರ ಕೈ ಕೆಂಪಗಿರದೆ ಇನ್ನೇನು ಬೆಳ್ಳಗಿರುತ್ತದೆಯೇ?

ರಾಜಕುಮಾರ್ ಮತ್ತೆ ಸ್ಯಾನಿಟೈಸರ್ ಒತ್ತಿಕೊಂಡ. ಅರ್ಧಕ್ಕೆ ನಿಂತಿದ್ದ ನಗು ಪೂರ್ತಿಯಾಗಿ ಮರಳಿ ಬಂತು. "ಎಳನೀರು ಹಾಗೇ ಬಿಟ್ರಲ್ಲ ಮೇಡಂ," ಎಂದ.

*

ಎರಡೂಮುಕ್ಕಾಲಿಗೆ ಠಾಣೆ. ಲಾಕಪ್ಪಿನ ಮೂಲೆಯಲ್ಲಿ ಬಾಲರಾಜು ಅಂಗಾಲಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ.

"ಗುಡ್ಡ ಇಳಿಯೋವಾಗ ಯಾರನ್ನಾದ್ರೂ ನೋಡಿದ್ಯೇನಪ್ಪ?"

"ನೋಡಿದ್ನಲ್ಲ ಮೇಡಮ್ಮೋರೆ. ಹಿರಿಯೂರು ಕಡೆ ದಾರೀಲಿ ಬಿಳೀ ಜೀಪು ಮೇಲಕ್ಕೆ ಹೋಗ್ತಿತ್ತು. ಕೂಗ್ದೆ, ಗಾಳೀಗೆ ಕೇಳ್ಸಿಲ್ಲ. ಸದ್ಯ, ಯಾರೋ ಹೋದ್ರು, ಕೆಂಚಣ್ಣನ್ನ ಎತ್ಕಂಡು ಆಸ್ಪತ್ರೆಗೆ ಹಾಕ್ತಾರೆ ಅಂತ ಧೈರ್ಯ ತಂದ್ಕಂಡು ಓಡ್ದೆ."

ಸನೋಬರ್ ಕಂಬಿ ಹಿಡಿದು ನಿಂತಳು. "ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ನಲ್ರಿ! ನಾಗಣ್ಣೋರು ಬರ್ಕಂಡ್ರು."

ಹೇಳಿಕೆಯ ಹಾಳೆಗಳಲ್ಲಿ ಜೀಪಿನ ಸುದ್ದಿಯೇ ಇರಲಿಲ್ಲ. ನಾಗಣ್ಣ ಹಣೆ ಚಚ್ಚಿಕೊಂಡರು. "ಎರಡು ದಿನ ನಿದ್ದೆಗೆಟ್ಟು ಬರ್ದಿದ್ದು ಮೇಡಂ, ಬಿಟ್ಟು ಹೋಗೈತೆ. ವಯಸ್ಸಾಯ್ತು ನೋಡ್ರಿ. ಈಗ ಸೇರಿಸಾಣ."

ಇನ್ನೆರಡು ತಿಂಗಳಿಗೆ ನಾಗಣ್ಣನ ನಿವೃತ್ತಿ. ತರಬೇತಿ ಮುಗಿಸಿ ಬಂದ ಅವಳಿಗೆ ಮಹಜರು ಬರೆಯುವುದನ್ನು ಕಲಿಸಿದವರೇ ಅವರು. ಸನೋಬರ್ ಗುಡ್ಡದಿಂದ ತಂದಿದ್ದ ಫೋನನ್ನು ಅವರ ಕೈಗಿಟ್ಟಳು.

"ನೀವು ಬಾಲರಾಜುನ ಕರ್ಕೊಂಡು ಕೋರ್ಟಿಗೆ ಮುಂದೆ ಹೋಗಿರ್ರಿ. ಅವನ ಕಸ್ಟಡಿ ಬೇಡ ಅಂತ ನಾನು ಮ್ಯಾಜಿಸ್ಟ್ರೇಟ್ ಸಾಹೇಬ್ರಿಗೆ ವರದಿ ಬರ್ದು, ಪತ್ರ, ಫೋನು ಎರಡೂ ತರ್ತೀನಿ. ಫೋನಿಗೆ ಸೀಲ್ ಹಾಕಿ ಇಡ್ರಿ."

"ಆಯ್ತು ಮೇಡಂ."

ಅರಗಿನ ಸೀಲು ಹಾಕಿದ ಕವರು ಅವಳ ಮೇಜಿಗೆ ಬಂತು. ಜೀಪು ಹೊರಟ ಸದ್ದಾಯಿತು. ಬಾಲರಾಜು ಹಿಂದಿನ ಸೀಟಿನಿಂದ ಅವಳಿಗೆ ಕೈ ಮುಗಿದದ್ದು ಕಿಟಕಿಯಲ್ಲಿ ಕಂಡಿತು.

ಅವಳು ವರದಿಯ ಎರಡನೇ ಪುಟದಲ್ಲಿದ್ದಾಗ ಕಂಪ್ಯೂಟರಿಗೆ ಮೇಲ್ ಬಂತು. ಕಂಪನಿಯ ಹೆಸರಲ್ಲಿರುವ ಎಲ್ಲ ಫೋನುಗಳ ಕರೆಗಳ ವಿವರ ಕೇಳಿ ಸ್ಯಾಟಲೈಟ್ ಸೇವೆ ಕೊಡುವ ಕಚೇರಿಗೆ ಮೂರು ದಿನದ ಹಿಂದೆ ಬರೆದಿದ್ದಕ್ಕೆ ಉತ್ತರ. ಫೋನಿನೊಳಗಿನ ಕರೆಗಳ ಪಟ್ಟಿಯನ್ನು ಯಾರು ಬೇಕಾದರೂ ಅಳಿಸಬಹುದು. ಅಲ್ಲಿಯ ದಾಖಲೆ ಅಳಿಯುವುದಿಲ್ಲ. ಯಾವ ಜಾಗದಿಂದ ಕರೆ ಹೋಯಿತು ಎಂಬುದೂ ಅದರಲ್ಲಿ ಇರುತ್ತದೆ.

ಕೆಂಚಪ್ಪ ಬಿದ್ದ ದಿನ ೪೪೭೧ರ ಫೋನಿನಿಂದ ಒಂದೇ ಕರೆ. ಹೊತ್ತು, ಬೆಳಿಗ್ಗೆ ಹನ್ನೊಂದು ನಲವತ್ತೆರಡು. ಆರು ನಿಮಿಷ. ಜಾಗ, ಎಮ್ಮೆಗುಡ್ಡ.

ಕೆಂಚಪ್ಪ ಸತ್ತದ್ದು ಮಧ್ಯಾಹ್ನ ಒಂದು ಗಂಟೆ ದಾಟಿದ ಮೇಲೆ ಎಂದು ಚಿತ್ರದುರ್ಗದ ಡಾಕ್ಟರು ಬರೆದುಕೊಟ್ಟಿದ್ದರು. ಅಂದರೆ ಆ ಆರು ನಿಮಿಷವೂ ಅವನು ಬಂಡೆಯ ಕೆಳಗೇ ಬಿದ್ದು ನೀರು ನೀರು ಎನ್ನುತ್ತಿದ್ದ. ರಾಜಕುಮಾರ್ ಮಾತಾಡುವ ಫೋನು ಹಿಡಿದು ಅದೇ ಸುಣ್ಣದ ಪಾದಗಳ ಮೇಲೆ ನಿಂತು ಕರೆ ಮಾಡಿದ್ದ, ಆಸ್ಪತ್ರೆಗಲ್ಲ. ಬದುಕಿದರೆ ಕೆಂಚಪ್ಪ ಡಬ್ಬಿಯ ವಿಷಯ ಬಾಯಿಬಿಡುತ್ತಾನಲ್ಲ! ಥೂ ಎಂದು ಉಗಿಯಬೇಕೆನಿಸಿತು ಸನೋಬರಳಿಗೆ. ಉಗಿಯಲೂ ಬಾಯಲ್ಲಿ ಪಸೆ ಇರಲಿಲ್ಲ.

ಕರೆ ಯಾರಿಗೆ ಹೋಗಿತ್ತು?

ಆ ಮೊಬೈಲ್ ನಂಬರನ್ನು ಅವಳು ಎಲ್ಲೂ ಹುಡುಕಬೇಕಾಗಿರಲಿಲ್ಲ. ಒಂದೂವರೆ ವರ್ಷದಿಂದ ದಿನಾ ಬೆಳಿಗ್ಗೆ ಅವಳು ಮೊದಲು ಒತ್ತುತ್ತಿದ್ದ ನಂಬರು ಅದೇ.

ನಾಗಣ್ಣ.

ಅವಳು ಒತ್ತಿದಳು. 'ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ.' ಠಾಣೆಯಿಂದ ಕೋರ್ಟಿಗೆ ಹತ್ತು ನಿಮಿಷದ ದಾರಿ. ಅದರಲ್ಲಿ ಸಿಗ್ನಲ್ ಇಲ್ಲದ ಒಂದು ಗೇಣು ಜಾಗವೂ ಇಲ್ಲ. ಗಡಿಯಾರ ನೋಡಿದಳು. ಜೀಪು ಹೋಗಿ ನಲವತ್ತು ನಿಮಿಷವಾಗಿತ್ತು.

ಹೊರಗೆ ಓಡಿದಳು. ಗೇಟಿನಲ್ಲಿದ್ದ ಪೇದೆ ವಿನೋದ್ ಸೆಲ್ಯೂಟ್ ಹೊಡೆದ.

"ನಾಗಣ್ಣೋರಾ? ಮತ್ತೋಡು ರಸ್ತೆ ಹಿಡಿದ್ರಲ್ಲ ಮೇಡಂ. ಬಿಳೀ ಜೀಪು ಕಂಡ ಜಾಗ ತೋರಿಸ್ತಾನಂತೆ, ಗುಡ್ಡಕ್ಕೆ ಹೋಗಿ ಬರ್ತೀವಿ, ಮೇಡಂ ಹೇಳ್ಯಾರೆ ಅಂದ್ರು."

ಬಿಳೀ ಜೀಪು ಕಂಡವನು ಬಾಲರಾಜು ಒಬ್ಬನೇ. ಅವನು ಕೋರ್ಟಿನಲ್ಲಿ ಒಂದು ಮಾತೂ ಆಡುವ ಮೊದಲೇ ಗುಡ್ಡದಿಂದ ಬಿದ್ದರೆ? ತಪ್ಪಿಸಿಕೊಳ್ಳಲು ಹೋಗಿ ಬಿದ್ದ ಎಂದು ಬರೆಯಲು ಮಹಜರು ಬಲ್ಲ ಕೈ ಅಲ್ಲಿದೆ.

ಹಿಂದಕ್ಕೆ ಓಡಿ ಬಂದು ಮೇಜಿನ ಮೇಲಿದ್ದ ಕವರಿನ ಅರಗು ಒಡೆದಳು. ಗುಡ್ಡ ಹತ್ತಿದರೆ ಕೈಯಲ್ಲಿ ಒಂದು ಫೋನಾದರೂ ಬೇಕು. ಆಂಟೆನಾ ಎತ್ತಿದಳು. ಹೆಬ್ಬೆರಳಿಗೆ ಏನೋ ಜಿಡ್ಡು ಹತ್ತಿತು.

ಕೆಂಪು. ಆಂಟೆನಾ ಮಡಚುವ ಸಂದಿಯ ತುಂಬ ಎಣ್ಣೆಯಲ್ಲಿ ಕಲಸಿದ ಕುಂಕುಮ.

ಬ್ಯಾಟರಿ ಕಿತ್ತು ನೋಡಿದಳು. ಕೊನೆಯ ನಾಲ್ಕು ಅಂಕಿ: ೨೦೮೬. ರಾಜಕುಮಾರನ ಪತ್ರದಲ್ಲಿದ್ದದ್ದೇ. ಈಗ ಕೋರ್ಟಿನಲ್ಲಿ ಪತ್ರಕ್ಕೂ ಫೋನಿಗೂ ಚೆನ್ನಾಗಿ ತಾಳೆಯಾಗುತ್ತದೆ, ಫೋನು ಬದಲಾಗೇ ಇಲ್ಲ, ಕೆಟ್ಟದ್ದು ಕೆಂಚಪ್ಪನ ಕುಂಕುಮದಿಂದ ಎಂದಾಗುತ್ತದೆ, ಅವಳ ಪುಸ್ತಕದ ಆ ಒಂದು ಸಾಲೇ ಸುಳ್ಳೆನಿಸುತ್ತದೆ. ಸೀಟಿನ ಕೆಳಗೆ ಏನೂ ಇಲ್ಲ ಎಂದವನ ಹೆಬ್ಬೆರಳು ಯಾಕೆ ಕೆಂಪಗಿತ್ತು ಎಂಬುದು ಅವಳಿಗೆ ಈಗ ತಿಳಿಯಿತು.

ಎಮ್ಮೆಗುಡ್ಡದ ಮೇಲೆ ಮಾತಾಡಬಲ್ಲ ಫೋನು ಇರುವುದು ಒಂದೇ. ಬಾಲರಾಜುವನ್ನು ಕರೆದುಕೊಂಡು ಆ ಗುಡ್ಡ ಹತ್ತುತ್ತಿದ್ದ ನಾಗಣ್ಣನ ಜೇಬಿನಲ್ಲಿ ಅದಿತ್ತು.